ಹತ್ತರಿಂದ ಅಳೆಯುವವರು

ನಮ್ಮಕ್ಕ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟುತ್ತಾಳೆ. ಮನೆಯವರು ಕುಡಿಯಲು ಏನಾದರೂ ತರಲೆಂದು ಒಳಗೆ ಹೋದರೆ ಸಾಕು, ಕಿಟಕಿಯ ಮೂಲೆಗೆ ಕಣ್ಣಿಟ್ಟು ಸೊಟ್ಟ ಇದೆಯೇ ನೋಡುತ್ತಾಳೆ. ಒಮ್ಮೆ ಅವಳದೇ ಮದುವೆಯ ಮಾತಿಗೆಂದು ಒಂದು ಮನೆಗೆ ಹೋಗಿದ್ದೆವು. ಹುಡುಗ ಚೆನ್ನಾಗಿದ್ದ, ಅವನ ತಾಯಿ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದರು. ಅಕ್ಕ ಹಾಲ್‌ನ ಗೋಡೆ ತಟ್ಟಿ, "ಇದು ಒಳಗೆ ಪೊಳ್ಳು. ಕಟ್ಟಿದವರು ನಿಮಗೆ ಟೋಪಿ ಹಾಕಿದಾರೆ" ಎಂದಳು. ಕಟ್ಟಿದವರು ಹುಡುಗನ ಸೋದರಮಾವ, ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಮುಂದೆ ಅವಳು ಮದುವೆಯ ಗೊಡವೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ, ಆದರೆ ನನ್ನ ಕಾರಣ ಬೇರೆ, ಅದು ಇಲ್ಲಿಗೆ ಬೇಡ.

ಮಹಿಳಾ ಉದ್ಯಮಿಗಳ ಸಂಘದವರು ತಮ್ಮ ಸ್ಮರಣ ಸಂಚಿಕೆಗೆ ಅಕ್ಕನ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿದ್ದಾರೆ. ಮಾದರಿಗೆಂದು ಹೋದ ವರ್ಷದ ಸಂಚಿಕೆಯನ್ನೂ ಕಳಿಸಿದ್ದಾರೆ. ಅದರಲ್ಲಿ ಎಲ್ಲ ಹೆಂಗಸರೂ ದಿಟ್ಟೆಯರು, ಎಲ್ಲರೂ ಛಲಗಾತಿಯರು. ನಮ್ಮಕ್ಕ ದಿಟ್ಟೆ ನಿಜ. ಆದರೆ ಅದಕ್ಕಿಂತ ಮೊದಲು ಅವಳು ಅನುಮಾನದ ಪ್ರಾಣಿ. ಅದನ್ನು ಬಿಟ್ಟು ಅವಳ ಕಥೆ ಹೇಳುವುದು ಪಾಯ ಹಾಕದೆ ಮನೆ ಕಟ್ಟಿದ ಹಾಗೆ. ಮೂವತ್ತು ವರ್ಷ ಅವಳ ಆಫೀಸಿನ ಕಾಗದಪತ್ರ ನೋಡಿಕೊಂಡ ತಂಗಿ ನಾನು, ಆ ರೋಗ ನನಗೂ ಅಂಟಿದೆ. ಇದನ್ನು ಅವರು ಅಚ್ಚು ಹಾಕುತ್ತಾರೆ ಎಂದು ನನಗೇನೂ ನಂಬಿಕೆಯಿಲ್ಲ.

ರೋಗ ಶುರುವಾದದ್ದು ಅಪ್ಪ ಮನೆ ಕಟ್ಟಿಸಿದಾಗ. ಅಪ್ಪ ಅಂಚೆ ಕಚೇರಿಯ ಗುಮಾಸ್ತ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಕಂಟ್ರಾಕ್ಟರ್ ಆರು ಇಂಚಿನ ತಾರಸಿ ಹಾಕಿದ್ದೇನೆ ಎಂದ, ಅಪ್ಪ ತಲೆಯಾಡಿಸಿದರು. ಎರಡನೇ ವರ್ಷಕ್ಕೆ ತಾರಸಿ ಸೋರತೊಡಗಿತು, ನಮ್ಮ ಓದುವ ಮೇಜಿನ ಪಕ್ಕ ಬಕೆಟ್ ಬಂತು. ಅಕ್ಕನಿಗೆ ಆಗ ಹನ್ನೊಂದು. ನೀರಿನ ಪೈಪಿಗೆಂದು ಕೊರೆದ ತೂತಿನೊಳಗೆ ಶಾಲೆಯ ಸ್ಕೇಲು ಇಳಿಬಿಟ್ಟು ನೋಡಿದಳು. ನಾಲ್ಕು ಇಂಚು. ಓಡಿ ಬಂದು ಹೇಳಿದರೆ ಅಪ್ಪ, ಹೋಗಲಿ ಬಿಡು, ಲೋಕ ನಿಂತಿರೋದೇ ನಂಬಿಕೆಯ ಮೇಲೆ ಎಂದರು. "ಲೋಕ ಯಾವುದರ ಮೇಲಾದ್ರೂ ನಿಂತಿರ್ಲಿ, ನಮ್ಮ ಮೇಲೆ ನಿಂತಿರೋದು ನಾಲ್ಕೇ ಇಂಚು" ಎಂದು ಅಕ್ಕ ಹೇಳಿದ್ದನ್ನು ಅಮ್ಮ ಸಾಯುವವರೆಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅಕ್ಕ ಮಾತ್ರ ಒಂದು ಸಲವೂ ನಗಲಿಲ್ಲ.

ಕಂಟ್ರಾಕ್ಟರನನ್ನು ಅಪ್ಪ ಕೇಳಿದ್ದು ಒಂದೇ ಒಂದು ಸಲ. ತಾರಸಿಗೆ ಹಲಗೆ ಕಟ್ಟುವ ತನ್ನ ಸೆಂಟ್ರಿಂಗಿನವನು ಮೋಸ ಮಾಡಿದ, ಅವನನ್ನು ಓಡಿಸಿಬಿಟ್ಟೆ ಎಂದ ಅವನು. ಅಪ್ಪ ಅದನ್ನೂ ನಂಬಿದರು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಅಕ್ಕ ಆರ್ಕಿಟೆಕ್ಟ್ ಆದದ್ದು ಹೀಗೆ. ಉಳಿದವರು ಚೆಂದದ ಮನೆ ಕಟ್ಟಬೇಕೆಂದು ಆ ಕಾಲೇಜಿಗೆ ಸೇರಿದರೆ ಇವಳು ಕಳ್ಳರನ್ನು ಹಿಡಿಯಲು ಸೇರಿದಳು. ಓದು ಮುಗಿಸಿ ಒಬ್ಬ ದೊಡ್ಡ ಆರ್ಕಿಟೆಕ್ಟರ ಬಳಿ ಕೆಲಸಕ್ಕೆ ನಿಂತಳು. ಅಲ್ಲಿ ಒಂದು ಗ್ರಂಥಾಲಯದ ನಕ್ಷೆಯನ್ನು ನಾಲ್ಕು ತಿಂಗಳು ಬಗ್ಗಿ ಕೂತು ಬರೆದಳು. ಉದ್ಘಾಟನೆಯ ದಿನ ನಕ್ಷೆಯ ಕೆಳಗಿದ್ದದ್ದು ಆ ದೊಡ್ಡವರ ಅಳಿಯನ ಹೆಸರು. ಅಕ್ಕ ಗಲಾಟೆ ಮಾಡಲಿಲ್ಲ. ಅಂದಿನಿಂದ ತಾನು ಬರೆದ ಪ್ರತಿ ನಕ್ಷೆಯಲ್ಲೂ ಸಾವಿರಾರು ಇಟ್ಟಿಗೆಗಳ ನಡುವೆ ಒಂದಕ್ಕೆ ಮಾತ್ರ ಬೇಕೆಂದೇ ಎದುರು ದಿಕ್ಕಿಗೆ ಗೆರೆ ಹಾಕಿ ಬಿಡುತ್ತಿದ್ದಳು. ಅದು ಎಲ್ಲಿದೆ ಎಂದು ಅವಳಿಗಷ್ಟೇ ಗೊತ್ತು. ಮುಂದಿನ ಸಲ ಅಳಿಯ ಮಹಾಶಯ ಗಿರಾಕಿಗಳ ಮುಂದೆ ಅವಳ ನಕ್ಷೆ ಹಿಡಿದು ನಿಂತಾಗ, ಇದರಲ್ಲಿ ಒಂದು ಇಟ್ಟಿಗೆ ತಪ್ಪಿದೆ, ಬರೆದವರಾದರೆ ತೋರಿಸಲಿ ಎಂದಳು. ಅವನು ಹುಡುಕುತ್ತಲೇ ಇದ್ದ, ಇವಳು ಬೆರಳಿಟ್ಟು ತೋರಿಸಿ, ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದಳು.

ಹೊಲಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವಳ ಆಫೀಸು ಶುರುವಾಯಿತು. ಕೆಳಗೆ ಮೆಷಿನ್ನುಗಳು ಓಡಿದಾಗ ಮೇಲೆ ನಕ್ಷೆಯ ಹಲಗೆ ನಡುಗುತ್ತಿತ್ತು, ಹಾಗಾಗಿ ನೇರ ಗೆರೆಗಳನ್ನೆಲ್ಲ ದರ್ಜಿ ಊಟಕ್ಕೆ ಹೋದಾಗ ಎಳೆಯಬೇಕು. ಬಂದವರು ನಮ್ಮಿಬ್ಬರನ್ನೂ ನೋಡಿ, ಸಾರ್ ಯಾವಾಗ ಬರ್ತಾರೆ ಎಂದು ಕೇಳುತ್ತಿದ್ದರು. ಸಾರ್ ಇನ್ನೂ ಹುಟ್ಟಿಲ್ಲ ಎಂದು ನಾನು ಒಂದು ಸಲ ಹೇಳಿಬಿಟ್ಟೆ. ಆ ಗಿರಾಕಿ ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಮೇಸ್ತ್ರಿ ಸಿಕ್ಕಿದ್ದು ಅವಳ ಮೊದಲ ಕಟ್ಟಡದಲ್ಲಿ, ಒಂದು ಪುಟ್ಟ ದವಾಖಾನೆ. ಆಗಲೇ ಅವರಿಗೆ ನಲವತ್ತು ದಾಟಿತ್ತು. ಎಡಗೈಯ ಕಿರುಬೆರಳು ಕಲ್ಲಿನ ಕೆಳಗೆ ಸಿಕ್ಕಿ ಬಾಗಿತ್ತು. ಅಕ್ಕ ಟೇಪಿನ ತುದಿಯ ಕೊಕ್ಕೆಯನ್ನು ಗೋಡೆಗೆ ಸಿಕ್ಕಿಸಿ ಅಳೆಯುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ತುದಿ ನಂಬಬೇಡ ತಾಯಿ. ಸಾವಿರ ಸಲ ಗೋಡೆಗೆ ಬಡಿದು ಸವೆದಿರುತ್ತೆ. ಹತ್ತರ ಗೀಟು ಇಟ್ಕೊಂಡು ಅಳಿ, ಆಮೇಲೆ ಹತ್ತು ಕಳಿ."

ಟೇಪಿನ ತುದಿಯನ್ನೂ ನಂಬದ ಮನುಷ್ಯನನ್ನು ನೋಡಿ ಅಕ್ಕನಿಗೆ ಕಳೆದುಹೋದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಅಂದಿನಿಂದ ಅವರಿಬ್ಬರ ನಡುವೆ ಒಂದು ಪದ್ಧತಿ ಬೆಳೆಯಿತು. ಮೇಸ್ತ್ರಿ ಹತ್ತರಿಂದ ಅಳೆದು, ಬಂದ ಅಂಕಿಯನ್ನು ಹಾಗೇ ತಮ್ಮ ಕಿಸೆಯ ಪುಸ್ತಕದಲ್ಲಿ ಬರೆಯುವರು. ಅಕ್ಕ ಅದನ್ನು ಆಫೀಸಿನ ಹಾಳೆಗೆ ಇಳಿಸಿಕೊಂಡು, ಮೇಜಿನ ಮುಂದೆ ಕೂತು, ಒಂದೊಂದರಿಂದಲೂ ಹತ್ತು ಸೆಂಟಿಮೀಟರ್ ಕಳೆಯುವಳು. ಬಿಸಿಲಲ್ಲಿ ನಿಂತು ಕಳೆದರೆ ತಪ್ಪುತ್ತದೆ, ಕಳೆಯುವುದು ನೆರಳಿನ ಕೆಲಸ ಎಂಬುದು ಮೇಸ್ತ್ರಿಯ ಕಾನೂನು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಕೊನೆಕೊನೆಗೆ ಅಕ್ಕನ ಪೆನ್ಸಿಲ್ಲು ಅಂಕಿ ಕಂಡರೆ ತಾನಾಗಿ ಹತ್ತು ಕಳೆಯುತ್ತಿತ್ತು.

ಬಡಗಿಗಳು ಹಸಿ ಮರ ಕೊಟ್ಟು ಮೋಸ ಮಾಡುತ್ತಾರೆಂದು ಅಕ್ಕ ತಾನೇ ಕಿಟಕಿ ಮಾಡುವ ಕಾರ್ಖಾನೆ ಹಾಕಿದಳು. ಗೋಡೆ ಎದ್ದ ಮೇಲೆ ಜಾಗದ ಅಳತೆ ತರುವುದು, ಕಾರ್ಖಾನೆಯಲ್ಲಿ ಚೌಕಟ್ಟು ಸಿದ್ಧ ಮಾಡಿ ಒಯ್ದು ಕೂರಿಸುವುದು. ಜೊತೆಗೊಬ್ಬ ಪಾಲುದಾರ ಸೇರಿದ. ಸದಾ ಹಲ್ಲು ಬಿಡುತ್ತಿದ್ದನಾದ್ದರಿಂದ ನಾನು ಅವನಿಗೆ ನಗುಮುಖ ಎಂದು ಹೆಸರಿಟ್ಟಿದ್ದೆ. ಐದನೇ ವರ್ಷ ಅವನು ನಗುನಗುತ್ತಲೇ ನಮ್ಮ ಗಿರಾಕಿಗಳ ಪಟ್ಟಿಯನ್ನೂ ಇಬ್ಬರು ಒಳ್ಳೆಯ ಬಡಗಿಗಳನ್ನೂ ಎತ್ತಿಕೊಂಡು ಹೋಗಿ, ಎದುರು ರಸ್ತೆಯಲ್ಲೇ ತನ್ನ ಕಾರ್ಖಾನೆ ತೆರೆದ. ಅದಾದ ಮೇಲೆ ಆಫೀಸಿನ ಬೀರುಗಳಿಗೆಲ್ಲ ಎರಡೆರಡು ಬೀಗ ಬಂದವು. ಕೆಲಸಗಾರರು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಅಕ್ಕ ಕೋಣೆಯಿಂದ ಎದ್ದು ಬರುತ್ತಿದ್ದಳು. ಬಾಗಿಲ ಆಚೆ ನಿಂತು ನನ್ನ ಮಾತನ್ನೂ ಕೇಳಿಸಿಕೊಂಡದ್ದಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೀಗ ಇಲ್ಲದೆ ಉಳಿದದ್ದು ಮೇಸ್ತ್ರಿಯ ಕಿಸೆಯ ಪುಸ್ತಕ ಒಂದೇ.

ಆಮೇಲೆ ಬಂದದ್ದು ಒಂದು ಶಾಲೆಯ ಕಿಟಕಿಗಳ ಕೆಲಸ. ಎರಡು ಕಟ್ಟಡ, ಮೊದಲನೆಯದಕ್ಕೆ ಮೂವತ್ತೆಂಟು ಕಿಟಕಿ. ಅದು ಸರಿಯಾಗಿ ಮುಗಿದರೆ ಎರಡನೆಯದೂ ನಮ್ಮದೇ, ಇಲ್ಲವಾದರೆ ನಗುಮುಖನದು ಎಂದು ಶಾಲೆಯ ಕಾರ್ಯದರ್ಶಿ ಮೊದಲೇ ಹೇಳಿದ್ದರು. ಮೇಸ್ತ್ರಿ ಅಳತೆ ತೆಗೆಯುತ್ತಿದ್ದ ವಾರದಲ್ಲೇ ಯಾರೋ ಬಂದು ಅಕ್ಕನ ಕಿವಿ ಊದಿದರು. ನಿಮ್ಮ ಮೇಸ್ತ್ರಿ ಚಹಾದಂಗಡಿಯಲ್ಲಿ ನಗುಮುಖನ ಜೊತೆ ಕೂತಿದ್ದರು, ಅರ್ಧ ಗಂಟೆ ಏನೋ ಮಾತಾಡುತ್ತಿದ್ದರು ಎಂದು. ಅಕ್ಕ ಹೌದಾ ಎಂದಳು, ಅಷ್ಟೆ. ಆ ಭಾನುವಾರ ತಲೆನೋವು, ಒಂದಿಷ್ಟು ಗಾಳಿಗೆ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಹೋದವಳು ಸಂಜೆ ಬಂದಳು. ಅವಳ ಚಪ್ಪಲಿಯ ಮೇಲೆ ಸಿಮೆಂಟಿನ ಧೂಳಿತ್ತು. ನಾನು ನೋಡಿದೆ, ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ, ನೋಡಿ ಇಟ್ಟುಕೊಳ್ಳುತ್ತೇವೆ.

ತಿಂಗಳ ನಂತರ ಒಂದು ಮಂಗಳವಾರ ಚೌಕಟ್ಟುಗಳನ್ನು ಶಾಲೆಗೆ ಒಯ್ದೆವು. ಮೊದಲನೆಯದನ್ನು ಎತ್ತಿ ಇಟ್ಟರೆ ಜಾಗದೊಳಗೆ ಅದು ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ನಿಂತಿತು. ಅಗಲದಲ್ಲಿ ಹತ್ತು ಸೆಂಟಿಮೀಟರ್ ಕಡಿಮೆ, ಎತ್ತರದಲ್ಲೂ ಹತ್ತು. ಎರಡನೆಯದೂ ಹಾಗೇ, ಇಪ್ಪತ್ತನೆಯದೂ ಹಾಗೇ. ಬೇರೆ ಯಾರಾದರೂ ಆಗಿದ್ದರೆ ಸುತ್ತ ಗಾರೆ ತುಂಬಿ, ಬಣ್ಣ ಬಳಿದು ಮುಚ್ಚಿಬಿಡುತ್ತಿದ್ದರು. ಅಕ್ಕನ ಕೈಯಲ್ಲಿ ಅದಾಗುವುದಿಲ್ಲ. ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದರು, ನಮ್ಮ ಹತ್ತು ಹನ್ನೆರಡು ಜನ ಕೆಲಸದವರೂ ಇದ್ದರು.

"ಯಾರಿಗೋಸ್ಕರ ಅಳೆದ್ರಿ ಮೇಸ್ತ್ರಿ?" ಎಂದು ಅಕ್ಕ ಕೇಳಿದಳು.

ಮೇಸ್ತ್ರಿ ಅವಳ ಮುಖ ನೋಡಲಿಲ್ಲ. ಕಿಟಕಿಯ ಜಾಗದ ಒಳಬದಿಯ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಟೇಪನ್ನೂ ಕಿಸೆಯ ಪುಸ್ತಕವನ್ನೂ ತೆಗೆದು ಅಲ್ಲೇ ಇಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ನಮ್ಮ ಅಳತೆಯವನನ್ನು ಎದುರಾಳಿಗಳು ಬುಟ್ಟಿಗೆ ಹಾಕಿಕೊಂಡಿದ್ದರು, ಇನ್ನು ಅವನು ಇಲ್ಲಿಗೆ ಕಾಲಿಡುವುದಿಲ್ಲ ಎಂದು ಅಕ್ಕ ಕಾರ್ಯದರ್ಶಿಗೆ ಹೇಳಿದಳು. ಅವರಿಗೂ ಅದು ಸಮಾಧಾನವಾಯಿತು. ಹೊಸದಾಗಿ ಮಾಡಿಕೊಡಿ, ಎರಡನೇ ಕಟ್ಟಡವೂ ನಿಮಗೇ ಇರಲಿ ಎಂದರು. ನಾನು ಪುಸ್ತಕವನ್ನೂ ಟೇಪನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಶುಕ್ರವಾರದವರೆಗೆ ಆ ಹತ್ತು ನನ್ನ ತಲೆಯೊಳಗೆ ಕೊರೆಯಿತು. ಮೋಸ ಮಾಡುವವನು ಮೂವತ್ತೆಂಟು ಕಿಟಕಿಗೂ ಅಷ್ಟು ಅಚ್ಚುಕಟ್ಟಾಗಿ ಹತ್ತೇ ಕಡಿಮೆ ಮಾಡುತ್ತಾನೆಯೇ? ಪುಸ್ತಕ ತೆರೆದೆ. ಮೇಸ್ತ್ರಿ ಅಗಲ ನೂರ ಅರವತ್ತು ಎಂದು ಬರೆದಿದ್ದರು. ಹತ್ತು ಕಳೆದರೆ ನೂರ ಐವತ್ತು, ಜಾಗ ಇದ್ದದ್ದೂ ಅಷ್ಟೇ. ಕಾರ್ಖಾನೆಗೆ ಹೋದ ಹಾಳೆಯಲ್ಲಿ ನೂರ ನಲವತ್ತು ಎಂದಿತ್ತು. ಹಾಗಾದರೆ ಯಾರೋ ನೂರ ಐವತ್ತರಿಂದ ಹತ್ತು ಕಳೆದಿದ್ದಾರೆ. ಟೇಪಿನ ಸೊನ್ನೆಯಿಂದ ಅಳೆದ ಆ ನೂರ ಐವತ್ತು ಎಲ್ಲಿಂದ ಬಂತು? ಚಪ್ಪಲಿಯ ಮೇಲಿನ ಧೂಳು ನೆನಪಾಯಿತು.

ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಪುಸ್ತಕವನ್ನು ಅವಳ ಮುಂದಿಟ್ಟೆ. ಅವಳು ಅದನ್ನು ತೆರೆಯಲಿಲ್ಲ. ಕನ್ನಡಕದ ಪೆಟ್ಟಿಗೆಯಿಂದ ಮಡಿಸಿದ ಎರಡು ಹಾಳೆ ತೆಗೆದಳು. ಒಂದೇ ನಮೂನೆ, ಎರಡೂ ಅವಳದೇ ಕೈಬರಹ. ಒಂದು ಮೇಸ್ತ್ರಿಯ ಪುಸ್ತಕದಿಂದ ಇಳಿಸಿಕೊಂಡದ್ದು. ಇನ್ನೊಂದು, ಆ ಭಾನುವಾರ ಅವಳು ಕದ್ದು ಹೋಗಿ ಹೊಸ ಟೇಪಿನ ಸವೆಯದ ತುದಿಯಿಂದಲೇ ಅಳೆದದ್ದು. ಮರುದಿನ ಎರಡನ್ನೂ ಹೋಲಿಸಿ ನೋಡಬೇಕೆಂದಿದ್ದಳು, ಮರದ ಲಾರಿ ಬಂತು, ಹಸಿ ಮರದ ಜಗಳದಲ್ಲಿ ಅದು ಮರೆಯಿತು. ಎರಡು ವಾರ ಬಿಟ್ಟು ಕಾರ್ಖಾನೆಯ ಪಟ್ಟಿ ಮಾಡುವಾಗ ಕಡತದಿಂದ ತನ್ನದನ್ನೇ ಎಳೆದು ಮೇಸ್ತ್ರಿಯದೆಂದು ತಿಳಿದಳು. ಇಪ್ಪತ್ತೆರಡು ವರ್ಷದ ಕೈ ತಾನಾಗಿ ಹತ್ತು ಕಳೆಯಿತು.

"ಯಾವತ್ತು ಗೊತ್ತಾಯ್ತು?" ಎಂದೆ.

"ಬುಧವಾರ. ಅವರ ಕಳ್ಳತನಕ್ಕೆ ಸಾಕ್ಷಿ ಇರ್ಲಿ ಅಂತ ನನ್ನ ಹಾಳೆ ಹುಡುಕ್ದೆ. ಕಡತದಲ್ಲಿ ಉಳಿದಿದ್ದು ಅವರದು."

ಮೂರು ದಿನದಿಂದ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳುವವಳು ಒಬ್ಬ ಮನುಷ್ಯನನ್ನು ಓಡಿಸುವ ಮುಂಚೆ ಒಂದು ಹಾಳೆ ತಿರುವಿ ನೋಡಿರಲಿಲ್ಲ. ಈಗ ಅವಳು ಲೆಕ್ಕಾಚಾರದ ಮಾತು ಶುರು ಮಾಡಿದಳು. ನಿಜ ಹೇಳಿದರೆ ಎರಡನೇ ಕಟ್ಟಡ ನಗುಮುಖನ ಪಾಲಾಗುತ್ತದೆ, ಕಾರ್ಖಾನೆಯಲ್ಲಿ ಹದಿನಾಲ್ಕು ಜನರ ಹೊಟ್ಟೆಪಾಡಿದೆ, ಮೇಸ್ತ್ರಿಗೂ ವಯಸ್ಸಾಯಿತು, ಬರುವ ವರ್ಷ ಹೇಗಿದ್ದರೂ ಬಿಡುವವರು, ಅವರ ಕೈ ಬಿಡುವುದಿಲ್ಲ, ಬೇರೆ ರೀತಿಯಲ್ಲಿ ನೋಡಿಕೊಳ್ಳೋಣ ಎಂದಳು. ನನಗೆ ಮೈಯೆಲ್ಲ ಉರಿಯಿತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವುದನ್ನು ಕೇಳಿದ್ದೆ, ನಮ್ಮ ಮನೆಯಲ್ಲೇ ನೋಡುತ್ತೇನೆ ಎಂದುಕೊಂಡಿರಲಿಲ್ಲ.

"ಅಪ್ಪನ ಕಂಟ್ರಾಕ್ಟರೂ ಹೀಗೇ ಅಂದಿದ್ದ ಅಕ್ಕ. ಸೆಂಟ್ರಿಂಗಿನವನು ಮೋಸ ಮಾಡಿದ, ಓಡಿಸಿಬಿಟ್ಟೆ ಅಂತ."

ಅವಳು ಹಾಳೆಗಳನ್ನು ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕಲು ಹೋದಳು, ಹಾಳೆಗಳು ಕೆಳಗೆ ಬಿದ್ದವು. ನಾನು ಎತ್ತಿಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ನಾನೂ ಹೊರಟೆ. ಅವಳು ಮೇಸ್ತ್ರಿಯ ಹತ್ತಿರವೇ ಹೋಗುತ್ತಾಳೆಂದು ನನಗೆ ನಂಬಿಕೆ ಇರಲಿಲ್ಲ. ಮೇಸ್ತ್ರಿ ಮನೆಯ ಮುಂದೆ ಒಂದು ಹಳೇ ಮಣೆಗೆ ಮೊಳೆ ಹೊಡೆಯುತ್ತಾ ಕೂತಿದ್ದರು. ಕೂರಿ ಎನ್ನಲಿಲ್ಲ. ಒಳಗಿಂದ ಅವರ ಮಗಳು ಇಣುಕಿ ನೋಡಿದಳು, ಒಂದು ಲೋಟ ನೀರು ಕೂಡ ಬರಲಿಲ್ಲ. ಅಕ್ಕ ನಿಂತೇ ಎಲ್ಲವನ್ನೂ ಹೇಳಿದಳು, ಭಾನುವಾರದಿಂದ ಬುಧವಾರದವರೆಗೆ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡರು.

"ನೀನು ಅಳೆದ ಕಡೆಯೆಲ್ಲ ಸೀಸದಕಡ್ಡೀಲಿ ಒಂದು ಗೀಟು ಹಾಕ್ತೀಯ. ಅದು ನಿನ್ನ ಅಭ್ಯಾಸ. ಸೋಮವಾರ ಹೋದಾಗ ಮೂವತ್ತೆಂಟು ಕಿಟಕಿಗೂ ಗೀಟಿತ್ತು. ನಾನು ಕೆಲಸ ಬಿಟ್ಟಿದ್ದು ಅವತ್ತೇ. ಚೌಕಟ್ಟು ಬರ್ಲಿ ಅಂತ ಕಾಯ್ತಿದ್ದೆ ಅಷ್ಟೆ."

ಅಷ್ಟು ದಿನ ಗೊತ್ತಿದ್ದೂ ಮಂಗಳವಾರ ಯಾಕೆ ಸುಮ್ಮನಿದ್ದಿರಿ ಎಂದು ನಾನೇ ಕೇಳಿದೆ. ಅಷ್ಟು ಜನರ ಮುಂದೆ, ಇವಳು ನನ್ನ ಬೆನ್ನ ಹಿಂದೆ ಬಂದು ಅಳೆದಳು ಎಂದು ಹೇಗೆ ಹೇಳಲಿ, ಅವಳಿಗೆ ಅಳೆಯಲು ಕಲಿಸಿದವನೇ ನಾನು ಎಂದರು. ನಗುಮುಖನ ಜೊತೆ ಚಹಾ ಕುಡಿದದ್ದೂ ನಿಜವಂತೆ. ಅವನು ಕೆಲಸಕ್ಕೆ ಕರೆದಿದ್ದ, ಇವರು ಬರುವುದಿಲ್ಲ ಎಂದಿದ್ದರು. ಅದನ್ನು ಹೇಳುವುದಕ್ಕೇ ಅರ್ಧ ಗಂಟೆ ಹಿಡಿಯಿತು, ಅವನು ಬಿಡಬೇಕಲ್ಲ ಎಂದರು. ಅಕ್ಕ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಮ್ಮ ಹೋದಾಗ ಒಂದು ಸಲ, ಈಗ ಒಂದು ಸಲ.

"ನನ್ನ ಹತ್ರ ಹೇಳಿದ್ದು ಸಾಕು. ಎಲ್ಲಿ ಅಂದ್ಯೋ ಅಲ್ಲಿ ಹೇಳು" ಎಂದು ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡರು.

ಸೋಮವಾರ ಅಕ್ಕ ಅದೇ ಕಿಟಕಿಯ ಮುಂದೆ ಅದೇ ಜನರನ್ನು ನಿಲ್ಲಿಸಿ ಹೇಳಿದಳು. ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ನಾನು ಕದ್ದು ಅಳೆದೆ, ನಾನು ತಪ್ಪಾಗಿ ಕಳೆದೆ, ನಾನು ಅವರನ್ನು ಕಳ್ಳ ಎಂದೆ, ಮೂರೂ ಹೇಳಿದಳು. ಕಾರ್ಯದರ್ಶಿ ಕೇಳಿಸಿಕೊಂಡು, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದು ಕೈ ಮುಗಿದರು, ಸಂಜೆಗೆ ಎರಡನೇ ಕಟ್ಟಡವನ್ನು ನಗುಮುಖನಿಗೆ ಕೊಟ್ಟರು. ಹದಿನಾಲ್ಕು ಜನರಲ್ಲಿ ನಾಲ್ವರು ಅವನ ಕಡೆ ಹೋದರು. ಹೋಗಬೇಡಿ ಎನ್ನಲು ನಮಗೆ ಬಾಯಿರಲಿಲ್ಲ.

ಹೊಸ ಚೌಕಟ್ಟುಗಳಿಗೆ ಅಳತೆ ತೆಗೆಯಲು ಮೇಸ್ತ್ರಿ ಬಂದರು, ಒಂದೇ ದಿನ. ನಾನು ಎತ್ತಿಟ್ಟಿದ್ದ ಟೇಪನ್ನೂ ಪುಸ್ತಕವನ್ನೂ ಅವರಿಗೆ ಕೊಟ್ಟೆ. ಕುಡಿಯಲು ನೀರನ್ನೂ ಮನೆಯಿಂದಲೇ ಬಾಟಲಿಯಲ್ಲಿ ತಂದಿದ್ದರು. ಮೂವತ್ತೆಂಟನ್ನೂ ಅಳೆದು ಮುಗಿಸಿ ಟೇಪನ್ನು ಅಕ್ಕನ ಕೈಗೆ ಕೊಟ್ಟು, ಈಗ ನೀನು ಅಳಿ ಎಂದರು. ಬೇಡ ಮೇಸ್ತ್ರಿ, ನನಗೆ ನಂಬಿಕೆ ಇದೆ ಎಂದಳು ಅವಳು.

"ನಂಬಿಕೆ ನಾನು ಕೇಳಿಲ್ಲ. ನನ್ನ ಮುಂದೆ ಅಳಿ."

ಅಕ್ಕ ಅಳೆದಳು. ಅವರು ಕಟ್ಟೆಯ ಮೇಲೆ ಕೂತು ನೋಡಿದರು. ಎಲ್ಲವೂ ಸರಿಯಾಗಿತ್ತು. ಕಿಸೆಯ ಪುಸ್ತಕವನ್ನು ನನ್ನ ಕೈಯಲ್ಲಿಟ್ಟು, ಟೇಪನ್ನು ಮಾತ್ರ ಜೇಬಿಗಿಳಿಸಿಕೊಂಡು ಹೋದರು. ಮತ್ತೆ ನಮ್ಮ ಕೆಲಸಕ್ಕೆ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ.

ಆ ಮೂವತ್ತೆಂಟು ಗಿಡ್ಡ ಕಿಟಕಿಗಳು ವರ್ಷಗಟ್ಟಲೆ ಕಾರ್ಖಾನೆಯ ಹಿಂದೆ ಬಿದ್ದಿದ್ದವು. ಕಾರ್ಖಾನೆ ಮತ್ತೆ ಚೇತರಿಸಿಕೊಂಡ ಮೇಲೆ ಅಕ್ಕ ನಮ್ಮಿಬ್ಬರಿಗೆ ಮನೆ ಕಟ್ಟಿದಳು. ಕಿಟಕಿಗೆ ತಕ್ಕ ಜಾಗ ಬಿಟ್ಟು ಗೋಡೆ ಎಬ್ಬಿಸಿದ ಮನೆ ಇದೊಂದೇ ಇರಬೇಕು. ಹನ್ನೆರಡನ್ನು ಇಲ್ಲಿ ಕೂರಿಸಿದಳು, ಉಳಿದವು ಹೊಸ ಆಫೀಸಿಗೆ ಹೋದವು. ಈಗಲೂ ಯಾರ ಅಳತೆಯನ್ನೂ ಅವಳು ಸುಮ್ಮನೆ ಒಪ್ಪುವುದಿಲ್ಲ. ಆದರೆ, ನಿಲ್ಲಿ, ನಿಮ್ಮೆದುರೇ ಇನ್ನೊಂದು ಸಲ ಅಳೆಯುತ್ತೇನೆ ಎನ್ನುತ್ತಾಳೆ. ಎಷ್ಟೋ ಜನ ಮುಖ ಸಿಂಡರಿಸುತ್ತಾರೆ.

ಹೋದ ತಿಂಗಳು ಮೇಸ್ತ್ರಿ ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾವು ಕರೆದಿರಲಿಲ್ಲ. ಬಂದವರೇ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟರು. ಅಕ್ಕ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೈಕಟ್ಟಿ ನಿಂತಿದ್ದಳು. ಮೇಸ್ತ್ರಿ ಜೇಬಿನಿಂದ ಟೇಪು ತೆಗೆದು, ಹತ್ತರ ಗೀಟನ್ನು ಗೋಡೆಗಿಟ್ಟು, ಕಿಟಕಿಯ ಅಗಲ ಅಳೆದರು.

"ಯಾರು ಅಳೆದಿದ್ದು?"

"ನಾನೇ, ಮೇಸ್ತ್ರಿ."

"ಹತ್ತು ಕಳೆದ್ಯಾ?"

"ಒಂದೇ ಸಲ" ಎಂದಳು ಅಕ್ಕ.

ಮೇಸ್ತ್ರಿ ನಗಲಿಲ್ಲ. ಟೇಪನ್ನು ಜೇಬಿಗಿಳಿಸಿ, ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಕುಡಿಯಲು ನೀರು ಕೇಳಿದರು.